ಚೌಕಗಳ ಹಿಂದಿನ ಕನ್ನಡ

2012ರ ಯುಗಾದಿಗೆ ಪುಣೆಯ ಚಿಕ್ಕಪ್ಪ ಅಪ್ಪನಿಗೆ ಕನ್ನಡದಲ್ಲಿ ಒಂದು ಇಮೇಲ್ ಬರೆದಿದ್ದರು. ಮನೆಗೆ ಆಗಷ್ಟೇ ಬಂದಿದ್ದ ಅಗ್ಗದ ಸ್ಮಾರ್ಟ್‌ಫೋನಿನಲ್ಲಿ ಅದನ್ನು ತೆರೆದರೆ ಕಂಡದ್ದು ಸಾಲುಸಾಲು ಖಾಲಿ ಚೌಕಗಳು. "ಇವನಿಗೆ ಕನ್ನಡ ಟೈಪ್ ಮಾಡೋಕೆ ಬರಲ್ಲ" ಎಂದ ಅಪ್ಪ, ಇಂಗ್ಲಿಷಿನಲ್ಲಿ ಎರಡು ಸಾಲಿನ ಉತ್ತರ ಬರೆದು ಮುಗಿಸಿದರು. ಆಗ ನಾನು ಒಂಬತ್ತನೇ ಕ್ಲಾಸು. ತಪ್ಪು ಚಿಕ್ಕಪ್ಪನದಲ್ಲ, ಫೋನಿನೊಳಗಿದ್ದ 2.3 ಎಂಬ ಸಂಖ್ಯೆಯದು ಎಂದು ಗೊತ್ತಾದದ್ದು ಸಂಶೋಧನೆಗೆ ಸೇರಿದ ಮೇಲೆ.

ಆಂಡ್ರಾಯ್ಡ್ ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಕನ್ನಡ ಲಿಪಿ ಯೂನಿಕೋಡ್‌ನಲ್ಲಿ ಸೇರಿ ಆಗಲೇ ಹದಿನೇಳು ವರ್ಷವಾಗಿತ್ತು. ಆದರೆ ಅಕ್ಷರಕ್ಕೆ ಒಂದು ಸಂಕೇತಸಂಖ್ಯೆ ಸಿಕ್ಕರೆ ಸಾಲದು, ಅದನ್ನು ಪರದೆಯ ಮೇಲೆ ಕೂರಿಸುವವರೂ ಬೇಕು. 'ಧರ್ಮ' ಎಂಬ ಪದವನ್ನೇ ನೋಡಿ. ಕಂಪ್ಯೂಟರಿನ ನೆನಪಿನಲ್ಲಿ ಅದು ಧ, ರ, ವಿರಾಮ ಚಿಹ್ನೆ, ಮ ಎಂಬ ಕ್ರಮದಲ್ಲಿರುತ್ತದೆ. ಪರದೆಯ ಮೇಲೆ ಮಾತ್ರ ರಕಾರವು ಮಕಾರವನ್ನು ದಾಟಿ ಅರ್ಕಾವೊತ್ತಾಗಿ ಅದರ ಬಲಕ್ಕೆ ನಿಲ್ಲಬೇಕು. ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಈ ಕೆಲಸವನ್ನು ಫೋನಿನಲ್ಲಿ ಒಂದು ತಂತ್ರಾಂಶ ಮಾಡುತ್ತದೆ. ಆಂಡ್ರಾಯ್ಡ್ ಬಳಸುವ ಆ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಪರ್ಷಿಯನ್ನಿನ 'ಹರ್ಫ್' ಎಂದರೆ ಅಕ್ಷರ, 'ಬಾಜ್' ಎಂದರೆ ತೆರೆದದ್ದು. ನಮ್ಮ ಒತ್ತಕ್ಷರಗಳನ್ನು ಇಂದು ದಿನವಿಡೀ ಜೋಡಿಸುತ್ತಿರುವ ಯಂತ್ರಕ್ಕೆ ಪರ್ಷಿಯನ್ ಹೆಸರಿದೆ ಎಂಬುದು ನನಗೆ ಯಾಕೋ ಖುಷಿ ಕೊಡುತ್ತದೆ.

2.3ರಲ್ಲಿ ಕನ್ನಡದ ಫಾಂಟೂ ಇರಲಿಲ್ಲ, ಕನ್ನಡವನ್ನು ಜೋಡಿಸುವವರೂ ಇರಲಿಲ್ಲ. ಕೆಲವು ತಯಾರಕರು ತಾವೇ ಫಾಂಟ್ ಸೇರಿಸಿ ಮಾರಿದರು. ಫಾಂಟ್ ಮಾತ್ರ ಇದ್ದ ಕಡೆ ಚೌಕಗಳು ಹೋಗಿ ಮುರಿದ ಕನ್ನಡ ಬಂತು: ಒತ್ತುಗಳು ಕೆಳಗಿಳಿಯದೆ ವಿರಾಮ ಚಿಹ್ನೆ ಹೊತ್ತುಕೊಂಡು ಪಕ್ಕದಲ್ಲೇ ನಿಂತವು. ಹೀಗಾಗಿ ಆವೃತ್ತಿ ಒಂದೇ ಆದರೂ ಎರಡು ಫೋನುಗಳಲ್ಲಿ ಎರಡು ಬಗೆಯ ಕನ್ನಡ. ಅಂದಿನ ಓದುಗರಲ್ಲಿ ಹಲವರಿಗೆ ಒಪೆರಾ ಮಿನಿಯ ಉಪಾಯ ನೆನಪಿರಬಹುದು. ಅದರ ಒಳಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಬದಲಿಸಿದರೆ, ದೂರದ ಸರ್ವರ್ ಪುಟದ ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಬರದಿದ್ದರೂ ಅದರಲ್ಲಿ ಕನ್ನಡ ಓದಬಹುದಿತ್ತು.

2012ರ ಜುಲೈನಲ್ಲಿ 4.1 ಬಂದಾಗ ಕನ್ನಡ ಸರಿಯಾಗಿ ಮೂಡತೊಡಗಿತು. ಫೋನಿನ ಮೆನುಗಳೇ ಕನ್ನಡವಾಗಲು 2014ರ 5.0ರವರೆಗೆ ಕಾಯಬೇಕಾಯಿತು. ಇತಿಹಾಸ ಬರೆಯುವವರು ಇಂಥ ಬಿಡುಗಡೆಯ ದಿನಾಂಕಗಳನ್ನು ನಂಬಿ ಮೋಸಹೋಗುತ್ತಾರೆ, ನಾನೂ ಹೋಗಿದ್ದೆ. 4.1 ಬಿಡುಗಡೆಯಾದಾಗ ಬಳಕೆಯಲ್ಲಿದ್ದ ಆಂಡ್ರಾಯ್ಡ್ ಫೋನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇನ್ನೂ 2.3ರಲ್ಲೇ ಇದ್ದವು. ಹೊಸ ಆವೃತ್ತಿಯನ್ನು ಗೂಗಲ್ ಬರೆದರೂ ಹಳೆಯ ಫೋನಿಗೆ ಅದನ್ನು ಹೊಂದಿಸಿ ಕಳಿಸಬೇಕಾದವರು ತಯಾರಕರು. ಅಪ್ಪನ ಫೋನಿಗೆ ಅದು ಬರಲೇ ಇಲ್ಲ.

ಆ್ಯಪ್ ಬರೆಯುವವರ ಕಷ್ಟ ಇಲ್ಲಿಂದ ಶುರು. ಪ್ರತಿ ಆ್ಯಪ್ ತನ್ನೊಳಗೆ ಎರಡು ಅಂಕಿಗಳನ್ನು ಹೊತ್ತಿರುತ್ತದೆ: ಯಾವ ಆವೃತ್ತಿಗಿಂತ ಕೆಳಗೆ ತಾನು ನಡೆಯುವುದಿಲ್ಲ, ಯಾವ ಆವೃತ್ತಿಯನ್ನು ಮನಸ್ಸಿನಲ್ಲಿಟ್ಟು ತನ್ನನ್ನು ಬರೆಯಲಾಗಿದೆ. ಕೆಳಗಿನ ಅಂಕಿಯನ್ನು ಒಂದು ಮೆಟ್ಟಿಲು ಏರಿಸಿದರೆ ಪರೀಕ್ಷೆಯ ಕೆಲಸ ಹಗುರ, ಆದರೆ ಅಷ್ಟು ಜನ ಹೊರಗೆ. ಓಪನ್‌ಸಿಗ್ನಲ್ ಸಂಸ್ಥೆ 2012ರಲ್ಲಿ ತನ್ನ ಆ್ಯಪ್ ಇಳಿಸಿಕೊಂಡ ಸಾಧನಗಳನ್ನು ಎಣಿಸಿದಾಗ 3,997 ಬಗೆಯ ಆಂಡ್ರಾಯ್ಡ್ ಸಾಧನಗಳು ಸಿಕ್ಕವು. ಮರುವರ್ಷ 11,868. ಇಷ್ಟನ್ನೂ ಕೊಂಡು ಮೇಜಿನ ಮೇಲಿಟ್ಟು ಪರೀಕ್ಷಿಸಲು ಯಾರಿಂದಾದೀತು? ಕಂಪ್ಯೂಟರಿನೊಳಗಿನ ಎಮ್ಯುಲೇಟರ್ ಇತ್ತು, ನಿಜ. ಆದರೆ ತಯಾರಕರು ಸೇರಿಸಿದ ಫಾಂಟಿನ ಗೊಂದಲ ಅದರಲ್ಲಿ ಕಾಣುತ್ತಿರಲಿಲ್ಲ. ಆ್ಯಪಲ್‌ನಲ್ಲಿ ಈ ಗೋಜು ಕಡಿಮೆ, ಏಕೆಂದರೆ ಫೋನೂ ತಂತ್ರಾಂಶವೂ ಒಬ್ಬರದೇ. ಅಲ್ಲಿ ಕತ್ತರಿ ಬಿದ್ದರೆ ಒಂದೇ ಏಟಿಗೆ: 2017ರಲ್ಲಿ ಐಓಎಸ್ 11 ಬಂದದ್ದೇ ತಡ, ಹಳೆಯ 32 ಬಿಟ್ ಆ್ಯಪ್‌ಗಳು ತೆರೆಯುವುದನ್ನೇ ನಿಲ್ಲಿಸಿದವು.

ಕಳೆದ ವರ್ಷ ನನ್ನ ಪ್ರಬಂಧಕ್ಕಾಗಿ ಆ ಕಾಲದ ಒಂದು ಕನ್ನಡ ಗಾದೆಗಳ ಆ್ಯಪ್ ಹುಡುಕಿ ತಂದೆ. ನನ್ನ ಫೋನು ಅದನ್ನು ಒಳಗೇ ಬಿಡಲಿಲ್ಲ. 2023ರ ಆಂಡ್ರಾಯ್ಡ್ 14, ಕನಿಷ್ಠ 6.0ನ್ನು ಗುರಿಯಾಗಿಟ್ಟು ಬರೆಯದ ಆ್ಯಪ್‌ಗಳನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಕಾರಣವೂ ನ್ಯಾಯವಾದದ್ದೇ. ಕ್ಯಾಮೆರಾ, ಫೋನ್‌ಬುಕ್ ಮುಟ್ಟುವ ಮುನ್ನ ಬಳಕೆದಾರರನ್ನು ಕೇಳಬೇಕೆಂಬ ಕಟ್ಟಳೆ ಬಂದದ್ದು 6.0ರಲ್ಲಿ, ಅದನ್ನು ತಪ್ಪಿಸಿಕೊಳ್ಳಲು ಕಳ್ಳ ಆ್ಯಪ್‌ಗಳು ಹಳೆಯ ಅಂಕಿಯ ವೇಷ ಹಾಕುತ್ತಿದ್ದವು. ಕಳ್ಳರಿಗೆ ಹಾಕಿದ ಬೀಗ ಗಾದೆಗಳಿಗೂ ಬಿತ್ತು.

ಆ್ಯಪ್‌ನ ಕಡತವನ್ನೇ ಕಂಪ್ಯೂಟರಿನಲ್ಲಿ ಬಿಚ್ಚಿದೆ. ಒಳಗೆ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಫೋನಿಗೆ ಕನ್ನಡ ಬಾರದೆಂದು ತಿಳಿದಿದ್ದ ಆ ಪುಣ್ಯಾತ್ಮ ಹಳೆಯ ನುಡಿ ಫಾಂಟಿನ ದಾರಿ ಹಿಡಿದಿದ್ದ: ರೋಮನ್ ಅಕ್ಷರ, ಸೊಟ್ಟ ಚಿಹ್ನೆಗಳನ್ನು ಕಣ್ಣಿಗೆ ಬೇಕಾದ ಕ್ರಮದಲ್ಲಿ ಸಾಲಾಗಿಟ್ಟು, ಮೇಲೆ ಕನ್ನಡ ಆಕಾರದ ಫಾಂಟ್ ಹೊದಿಸುವುದು. ನಕಾರಕ್ಕೆ ಅಲ್ಲಿ ಬ್ರಿಟನ್ನಿನ ಪೌಂಡ್ ಗುರುತು. 2.3ರಲ್ಲೂ ಮುತ್ತಿನಂತೆ ಕಾಣುತ್ತಿದ್ದ ಆ ಗಾದೆಗಳು ಇಂದಿನ ಯಾವ ಹುಡುಕಾಟಕ್ಕೂ ಸಿಗವು. ಅಂದು ಅವನಿಗೆ ಬೇರೆ ದಾರಿಯಿತ್ತೆಂದು ನನಗನ್ನಿಸುವುದಿಲ್ಲ.

ಅವನ್ನು ಯೂನಿಕೋಡ್‌ಗೆ ಬದಲಿಸುತ್ತ ಕೂತಿದ್ದಾಗ ಚಿಕ್ಕಪ್ಪನ ಇಮೇಲ್ ನೆನಪಾಯಿತು. ಅಪ್ಪನ ಖಾತೆಯಲ್ಲಿ ಅದು ಇನ್ನೂ ಇತ್ತು. ಅವರ ಈಗಿನ ಫೋನಿನಲ್ಲಿ ತೆರೆದು ಕೊಟ್ಟೆ. ಬೇವು ಬೆಲ್ಲದ ಹಾರೈಕೆ, ಅಜ್ಜಿಯ ಕಾಲುನೋವಿನ ವಿಚಾರಣೆ, ಊರಿನ ಮನೆ ಮಾರಬೇಡ ಎಂಬ ಒಂದು ಬೇಡಿಕೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ಒಂದು ಒತ್ತೂ ತಪ್ಪಿಲ್ಲವಲ್ಲೇ" ಎಂದರು. ಅದರ ಕೆಳಗೇ ಅವರ ಇಂಗ್ಲಿಷ್ ಉತ್ತರವಿತ್ತು. ಮನೆ ಆ ವರ್ಷದ ಕೊನೆಗೇ ಮಾರಾಟವಾಗಿತ್ತು.