ಕಲ್ಕತ್ತಾಕ್ಕೆ ಬಂದ ಯೂನಿಕಾರ್ನ್‌ಗೆ ಎರಡು ಕೊಂಬು!

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಯೂನಿಕಾರ್ನ್ ಅಂದ್ರೆ ನೂರು ಕೋಟಿ ಡಾಲರ್ ಬೆಲೆಬಾಳೋ ಸ್ಟಾರ್ಟಪ್. ಈ ಅರ್ಥ ಬಂದಿದ್ದು 2013ರಲ್ಲಿ, ಐಲೀನ್ ಲೀ ಅನ್ನೋ ಹೂಡಿಕೆದಾರರು ಬರೆದ ಲೇಖನದಿಂದ. ಮಕ್ಕಳಿಗಾದ್ರೆ ಅದು ಸ್ಕೂಲ್ ಬ್ಯಾಗ್ ಮೇಲಿನ ಬಣ್ಣದ ಕುದುರೆ. ಆದ್ರೆ ಇನ್ನೂರು ವರ್ಷದ ಹಿಂದೆ ಕಲ್ಕತ್ತಾದಲ್ಲಿ ಯೂನಿಕಾರ್ನ್ ಅನ್ನೋದು ಪ್ರಾಣಿಶಾಸ್ತ್ರದ ಪ್ರಶ್ನೆ ಆಗಿತ್ತು. ಇವತ್ತು ಆ ಕಥೆ ನೋಡೋಣ.

ಯೂನಿಕಾರ್ನ್ ಭಾರತದ್ದು ಅಂತ ಗ್ರೀಕರೇ ಹೇಳಿದ್ದು. ಕ್ರಿ.ಪೂ. 400ರ ಸುಮಾರಿಗೆ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ, ಭಾರತದಲ್ಲಿ ಒಂಟಿ ಕೊಂಬಿನ ಕಾಡುಕತ್ತೆ ಇದೆ, ಆ ಕೊಂಬಿನ ಬಟ್ಟಲಲ್ಲಿ ಕುಡಿದರೆ ವಿಷ ತಟ್ಟಲ್ಲ ಅಂತ ಬರೆದ. ಅವನು ಭಾರತಕ್ಕೆ ಬಂದವನಲ್ಲ, ಪರ್ಷಿಯಾದ ಅರಮನೆಯಲ್ಲಿ ಕೇಳಿದ್ದನ್ನ ಬರೆದವನು. ಅದರ ಹಿಂದೆ ನಮ್ಮ ಘೇಂಡಾಮೃಗ ಇದೆ ಅನ್ನೋದು ಬಹಳ ವಿದ್ವಾಂಸರ ಅಭಿಪ್ರಾಯ. ನಮ್ಮಲ್ಲೂ ಒಂಟಿ ಕೊಂಬಿನ ಕಥೆ ಇದೆ, ನೆನಪಾಯ್ತಾ? ಮಹಾಭಾರತದ ಋಷ್ಯಶೃಂಗ. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ ತಲೆ ಮೇಲೆ ಕೊಂಬು ಹೊತ್ತ ಮುನಿ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಇವತ್ತಿಗೂ ಮಳೆಗಾಗಿ ಅವನನ್ನ ಪೂಜಿಸ್ತಾರೆ. ಕಥೆಯಲ್ಲಿ ಅವನು ಮಳೆ ತರಿಸಿದ್ದು ಅಂಗದೇಶಕ್ಕೆ, ಅಂದ್ರೆ ಬಂಗಾಳದ ಪಕ್ಕಕ್ಕೇ.

ಈಗ 1820ಕ್ಕೆ ಬನ್ನಿ. ಬ್ಯಾರಿ ಲ್ಯಾಟರ್ ಅಂತ ಒಬ್ಬ ಕಂಪನಿ ಸೇನಾಧಿಕಾರಿ. ಸಿಕ್ಕಿಂ ಜೊತೆಗಿನ 1817ರ ಟಿಟಾಲಿಯಾ ಒಪ್ಪಂದಕ್ಕೆ ಸಹಿ ಹಾಕಿದವನು ಇವನೇ. ಅವನ ಕೈಗೆ ಒಂದು ಟಿಬೆಟನ್ ಹಸ್ತಪ್ರತಿ ಸಿಕ್ತು. ಅದರ ಪ್ರಾಣಿಗಳ ಪಟ್ಟಿಯಲ್ಲಿ, ಗೊರಸು ಸೀಳಿದ ಪ್ರಾಣಿಗಳ ಗುಂಪಲ್ಲಿ, ಒಂಟಿ ಕೊಂಬಿನದ್ದೂ ಇತ್ತು. ಟಿಬೆಟ್ಟಿನ ಒಳನಾಡಲ್ಲಿ ಯೂನಿಕಾರ್ನ್ ನಿಜವಾಗಿಯೂ ಇದೆ ಅಂತ ಲ್ಯಾಟರ್ ಮೇಲಧಿಕಾರಿಗಳಿಗೆ ವರದಿ ಮಾಡಿದ. ಸುದ್ದಿ ಲಂಡನ್ ಪತ್ರಿಕೆಗಳಲ್ಲೂ ಬಂತು. ನಗಬೇಡಿ, ಅವನು ಅಲ್ಲಿಗೇ ಬಿಡಲಿಲ್ಲ. ತಲೆ, ಕೊಂಬು, ಗೊರಸು ಸಮೇತ ಒಂದು ಇಡೀ ಚರ್ಮ ಕಳಿಸಿಕೊಡಿ ಅಂತ ಟಿಬೆಟ್ಟಿನ ಲಾಮಾಗೆ ಪತ್ರ ಬರೆದ. ಅಂದ್ರೆ, ಮಾತು ಸಾಕು, ಪುರಾವೆ ಕೊಡಿ ಅಂತ.

ಪುರಾವೆ ಬಂದಿದ್ದು ಬೇರೆ ದಾರಿಯಲ್ಲಿ. ಕಠ್ಮಂಡುವಿನ ಬ್ರಿಟಿಷ್ ರೆಸಿಡೆನ್ಸಿಯಲ್ಲಿ ಬ್ರಯಾನ್ ಹಾಡ್ಜ್‌ಸನ್ ಅಂತ ಒಬ್ಬ ಯುವಕ ಇದ್ದ. ಪ್ರಾಣಿ, ಪಕ್ಷಿ, ಬೌದ್ಧ ಗ್ರಂಥ, ಎಲ್ಲದರ ಹುಚ್ಚು. ನೇಪಾಳದ ರಾಜನ ಪ್ರಾಣಿಸಂಗ್ರಹದಲ್ಲಿ ಟಿಬೆಟ್ಟಿನಿಂದ ಬಂದ 'ಚಿರು' ಎಂಬ ಪ್ರಾಣಿ ಸತ್ತಾಗ, ಅದರ ಚರ್ಮ, ಕೊಂಬು, ವಿವರಗಳನ್ನ ಕಲ್ಕತ್ತಾಕ್ಕೆ ಕಳಿಸಿದ. ಅಲ್ಲಿ ಅದನ್ನ ಪರೀಕ್ಷಿಸಿದ್ದು ಕ್ಲಾರ್ಕ್ ಏಬೆಲ್, ಗವರ್ನರ್ ಜನರಲ್ ಆಮ್ಹರ್ಸ್ಟ್‌ನ ವೈದ್ಯ. ಸುಮಾತ್ರಾದ ಒರಾಂಗುಟಾನ್‌ನ ವೈಜ್ಞಾನಿಕ ಹೆಸರಲ್ಲಿರೋ 'ಏಬೆಲಿ' ಇವನೇ. 1826ರಲ್ಲಿ ಅವನು 'ಹಿಮಾಲಯದ ಯೂನಿಕಾರ್ನ್ ಎನ್ನಲಾದ' ಪ್ರಾಣಿಯ ಬಗ್ಗೆ ಬರೆದ. ಅದೊಂದು ಹುಲ್ಲೆ, ಕೊಂಬು ಎರಡು. ಹಾಡ್ಜ್‌ಸನ್ ಹೆಸರನ್ನೇ ಅದಕ್ಕಿಟ್ಟ. 1834ರಲ್ಲಿ ಹಾಡ್ಜ್‌ಸನ್ ಅದಕ್ಕೆ ಕೊಟ್ಟ ಕುಲನಾಮ ಪ್ಯಾಂಥೊಲಾಪ್ಸ್. ಇದು ಯೂನಿಕಾರ್ನ್‌ಗಿದ್ದ ಹಳೆಯ ಹೆಸರುಗಳಲ್ಲೊಂದು ಅಂತಾರೆ.

ಹಾಗಾದ್ರೆ ಒಂದೇ ಕೊಂಬು ಅಂತ ಯಾಕೆ ಅನ್ನಿಸ್ತು? ಗಂಡು ಚಿರುವಿನ ಕೊಂಬು ತೆಳ್ಳಗೆ, ಕಪ್ಪಗೆ, ಸುಮಾರು ಎರಡು ಅಡಿ ಉದ್ದ, ನೆಟ್ಟಗೆ ಮೇಲಕ್ಕೆ. ದೂರದಿಂದ, ಪಕ್ಕದಿಂದ ನೋಡಿದ್ರೆ ಎರಡೂ ಒಂದಾಗಿ ಕಾಣುತ್ತೆ. ಇದೇ ವಾದವನ್ನ ಸಿಂಧೂ ಮುದ್ರೆಗಳಲ್ಲಿ ಅತಿ ಹೆಚ್ಚು ಕಾಣೋ ಒಂಟಿ ಕೊಂಬಿನ ಪ್ರಾಣಿಗೂ ಹಚ್ತಾರೆ. ಆದ್ರೆ ಅಲ್ಲಿ ಅದು ಸಲೀಸಾಗಿ ಕೂರಲ್ಲ. ಅದೇ ಮುದ್ರೆಗಳಲ್ಲಿ ಡುಬ್ಬದ ಗೂಳಿಗೆ ಎರಡು ಕೊಂಬು ಕೆತ್ತಿದ್ದಾರೆ. ಚನ್ಹುದಾರೊದಲ್ಲಿ ಸಿಕ್ಕ ಮಣ್ಣಿನ ಬೊಂಬೆಗೂ ಒಂದೇ ಕೊಂಬು. ಒಂದೇ ಕೀಲಿಗೆ ಎಲ್ಲ ಬೀಗ ತೆಗೆಯಲ್ಲ.

ಕಲ್ಕತ್ತಾದ ಉತ್ತರದಿಂದ ನಂಬಿಕೆ ಸತ್ತಿತಾ? ಇಲ್ಲ. 1840ರ ದಶಕದಲ್ಲಿ ಲ್ಹಾಸಾಕ್ಕೆ ಹೋಗಿಬಂದ ಫ್ರೆಂಚ್ ಪಾದ್ರಿ ಹುಕ್, ಟಿಬೆಟ್ಟಿನಲ್ಲಿ ಯೂನಿಕಾರ್ನ್ ಖಂಡಿತ ಇದೆ ಅಂತ ಮತ್ತೆ ಬರೆದ.

ನಿಜವಾಗಿ ಹಾನಿ ಮಾಡಿದ್ದು ಎರಡನೇ ಕಟ್ಟುಕಥೆ. ಚಿರುವಿನ ಒಳಗೂದಲೇ ಶಹತೂಷ್. ಉಂಗುರದೊಳಗೆ ತೂರೋ ಶಾಲು ಅಂತಾರಲ್ಲ, ಅದು. ನೇಯ್ತಿದ್ದದ್ದು ಕಾಶ್ಮೀರದಲ್ಲಿ. ಉಣ್ಣೆ ಎಲ್ಲಿಂದ ಬಂತು ಅಂತ ಕೇಳಿದ್ರೆ, ಪೊದೆಗಳಿಗೆ ಸಿಕ್ಕಿಕೊಂಡು ಉದುರಿದ ಕೂದಲನ್ನ ಆರಿಸಿ ತರ್ತಾರೆ ಅನ್ನೋ ಮುದ್ದಾದ ಉತ್ತರ. ಆ ಎತ್ತರದಲ್ಲಿ ಪೊದೆ ಎಲ್ಲಿ ಸ್ವಾಮಿ? ಜೀವಶಾಸ್ತ್ರಜ್ಞ ಜಾರ್ಜ್ ಶಾಲರ್ ಚಾಂಗ್‌ತಾಂಗ್‌ನಲ್ಲಿ ಅಧ್ಯಯನ ಮಾಡಿ, ಪ್ರಾಣಿಯನ್ನ ಕೊಂದೇ ಉಣ್ಣೆ ತೆಗೀತಾರೆ ಅಂತ ಜಗತ್ತಿಗೆ ತಿಳಿಸಿದರು. ಒಂದು ಶಾಲಿಗೆ ಮೂರರಿಂದ ಐದು ಚಿರು. ಒಂದು ಕಾಲಕ್ಕೆ ಹತ್ತು ಲಕ್ಷದಷ್ಟಿದ್ದವು ಅಂತ ಅಂದಾಜಿಸೋ ಚಿರು, 1990ರ ದಶಕದ ಮಧ್ಯಕ್ಕೆ 75 ಸಾವಿರದ ಆಸುಪಾಸಿಗೆ ಇಳಿದವು. ಅಂತಾರಾಷ್ಟ್ರೀಯ ವ್ಯಾಪಾರ 1979ರಿಂದಲೇ ನಿಷಿದ್ಧವಾಗಿತ್ತು, ಆದ್ರೂ ಶಾಲು ಮಾರಾಟ ಆಗ್ತಾನೇ ಇತ್ತು. ಕಾವಲು ಬಿಗಿಯಾದ ಮೇಲೆ ಸಂಖ್ಯೆ ಚೇತರಿಸಿತು. 2016ರಲ್ಲಿ ಐಯುಸಿಎನ್ ಚಿರುವನ್ನ 'ಅಳಿವಿನಂಚು' ಪಟ್ಟಿಯಿಂದ ಕೆಳಗಿಳಿಸಿತು.

ಎರಡೂ ಕಥೆ ಬದುಕಿದ್ದು ಒಂದೇ ಕಾರಣಕ್ಕೆ: ಪ್ರಾಣಿ ದೂರ ಇತ್ತು, ಹೋಗಿ ನೋಡಿದವರು ಕಡಿಮೆ. ಒಂದಕ್ಕೆ ಲ್ಯಾಟರ್‌ನಂಥವರು ಚರ್ಮ ಕಳಿಸಿ ಅಂತ ಕೇಳಿದ್ರು. ಇನ್ನೊಂದರಲ್ಲಿ, ಶಾಲು ಹೊದ್ದವರು ಕೇಳಲಿಲ್ಲ. ಮೊದಲನೇದರಿಂದ ನಷ್ಟ ಆಗಿದ್ದು ಬರೀ ಒಂದು ಕನಸು, ಎರಡನೇದರಿಂದ ಲಕ್ಷಾಂತರ ಜೀವ.