ಮ್ಯಾನ್ಲಿಯ ತಿಮಿಂಗಿಲ

ತಿಮಿಯೆಂಬ ಹೆಮ್ಮೀನನ್ನೇ ನುಂಗುವುದು ತಿಮಿಂಗಿಲ. ನಮ್ಮ ಪುರಾಣಗಳಿಗೆ ಅಷ್ಟು ವರ್ಣನೆ ಸಾಕಾಯಿತು. ಸಿಡ್ನಿಗೆ ಬಂದ ಮೊದಲ ಬಿಳಿಯರು ಅದನ್ನು ಕಣ್ಣಾರೆ ಕಂಡು ಬರೆದಿಟ್ಟರು. ಆದರೆ ಆ ಬರಹಗಳಲ್ಲಿ ತಿಮಿಂಗಿಲಕ್ಕಿಂತ ಬರೆದವರೇ ಹೆಚ್ಚಾಗಿ ಕಾಣುತ್ತಾರೆ ಎಂದು ನಮಗನಿಸುತ್ತದೆ.

1788ರ ಮೊದಲ ಹಡಗುಪಡೆಯೊಡನೆ ಬಂದ ಸೇನಾಧಿಕಾರಿ ವಾಟ್ಕಿನ್ ಟೆಂಚ್‌ನ ಪುಸ್ತಕ 1793ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1790ರ ಜುಲೈನಲ್ಲಿ ಬಂದರಿನೊಳಕ್ಕೆ ನುಗ್ಗಿದ ತಿಮಿಂಗಿಲವೊಂದು ನಾಲ್ವರಿದ್ದ ದೋಣಿಯ ಬೆನ್ನು ಹತ್ತಿತೆಂದು ಅವನು ಹೇಳುತ್ತಾನೆ. ಬಕಾಸುರನಿಗೆ ಬಂಡಿ ಅನ್ನ ಕಳಿಸಿದ ಹಾಗೆ ಟೋಪಿ, ಬುತ್ತಿಚೀಲ, ಹಿಡಿದಿದ್ದ ಮೀನು ಎಲ್ಲವನ್ನೂ ಅದರತ್ತ ಎಸೆದರಂತೆ. ಫಲಿಸಲಿಲ್ಲ. ದೋಣಿ ಮಗುಚಿ ಮೂವರು ಮುಳುಗಿದರು. ಒಬ್ಬ ಈಜಿ ದಡ ಸೇರಿದ.

ಸೆಪ್ಟೆಂಬರಿನಲ್ಲಿ ಮ್ಯಾನ್ಲಿಯ ದಡಕ್ಕೆ ಬಂದು ಬಿದ್ದದ್ದೂ ಅದೇ ಪ್ರಾಣಿಯೆಂದು ಟೆಂಚ್ ನಂಬಿದ್ದ. ಸುಮಾರು ಇನ್ನೂರು ಮೂಲನಿವಾಸಿಗಳು ಅದರ ಸುತ್ತ ನೆರೆದಿದ್ದರು. ಅವರಲ್ಲಿ ಬೆನೆಲಾಂಗ್ ಮತ್ತು ಕೋಲ್ಬಿ ಇದ್ದರು. 1789ರಲ್ಲಿ ಗವರ್ನರ್ ಫಿಲಿಪ್ ಬಲವಂತವಾಗಿ ಹಿಡಿಸಿ ತರಿಸಿದ್ದ ಇಬ್ಬರೂ ಆಮೇಲೆ ತಪ್ಪಿಸಿಕೊಂಡಿದ್ದರು. (ಆಪೆರಾ ಹೌಸ್ ನಿಂತಿರುವ ನೆಲಕ್ಕೆ ಇಂದು ಬೆನೆಲಾಂಗನದೇ ಹೆಸರು.) ಹಾಗಿದ್ದೂ ಅಲ್ಲಿಂದ ಗವರ್ನರನಿಗೆ ಉಡುಗೊರೆ ಹೋಯಿತು: ತಿಮಿಂಗಿಲದ ದೊಡ್ಡ ದೊಡ್ಡ ತುಂಡುಗಳು!

ಸೆಪ್ಟೆಂಬರ್ 7ರಂದು ಫಿಲಿಪ್ ದೋಣಿ ಹತ್ತಿ ಬಂದ. ಮಾತು, ನಗು ಸೊಗಸಾಗಿಯೇ ನಡೆದವು. ಕೊನೆಗೆ ಬೇರೊಬ್ಬ ಎಸೆದ ಈಟಿ ಅವನ ಬಲ ಭುಜವನ್ನು ತೂರಿ ಬೆನ್ನಿನಲ್ಲಿ ಹೊರಟಿತು. ಅಪಹರಣಕ್ಕೆ ತಮ್ಮ ಕಟ್ಟಳೆಯಂತೆ ವಿಧಿಸಿದ ದಂಡನೆ ಇದೆನ್ನುವ ಇತಿಹಾಸಕಾರರಿದ್ದಾರೆ. ನಮಗೂ ಅದು ಸರಿಯೆನಿಸುತ್ತದೆ. ಫಿಲಿಪ್ ಬದುಕಿದ, ಸೇಡು ತೀರಿಸಲು ಬಿಡಲಿಲ್ಲ. ಟೆಂಚ್ ಮಾತ್ರ ಈ ಅನಾಹುತವನ್ನೂ ತಿಮಿಂಗಿಲದ ತಲೆಗೇ ಕಟ್ಟಿ ಅದನ್ನು ರಾಕ್ಷಸನೆಂದು ಕರೆದ.

ಮರುವರ್ಷ ಕೈದಿಗಳನ್ನು ತಂದಿಳಿಸಿದ ಬ್ರಿಟಾನಿಯಾ ಹಡಗಿನ ಕ್ಯಾಪ್ಟನ್ ಥಾಮಸ್ ಮೆಲ್ವಿಲ್‌ಗೆ ಅದರಲ್ಲಿ ಕಂಡದ್ದು ಎಣ್ಣೆ. ಕಡಲಲ್ಲಿ ಕಂಡ ಹಿಂಡುಗಳ ವಿಷಯವನ್ನು ಲಂಡನ್ನಿನ ಮಾಲೀಕರಿಗೆ ಬರೆದ. 1791ರ ಅಕ್ಟೋಬರಿನಲ್ಲೇ ಬೇಟೆ ಶುರುವಾಯಿತು. ಉಣ್ಣೆಗಿಂತ ಮೊದಲು ಈ ಊರನ್ನು ಸಾಕಿದ ರಫ್ತುಗಳಲ್ಲಿ ತಿಮಿಂಗಿಲದ ಎಣ್ಣೆಯೂ ಒಂದು. ಆಸ್ಟ್ರೇಲಿಯಾದಲ್ಲಿ ಬೇಟೆ ನಿಂತದ್ದು 1978ರಲ್ಲಿ. ಮೆಲ್ಬರ್ನಿನ ಮಿತ್ರರು ಚಳಿಗಾಲದಲ್ಲಿ ವಾರ್ನಂಬೂಲ್‌ಗೆ ಹೋದರೆ ಲೋಗನ್ಸ್ ಬೀಚಿನ ಬಳಿ ಮರಿ ಹಾಕಲು ಬರುವ ತಿಮಿಂಗಿಲಗಳನ್ನು ದಡದಿಂದಲೇ ನೋಡಬಹುದು.

ಸಿಡ್ನಿಯವರಿಗೆ ಬಾಲ್ಸ್ ಹೆಡ್ ಹತ್ತಿರ. ಅಲ್ಲಿನ ಬಂಡೆಯ ಮೇಲೆ ಮೂಲನಿವಾಸಿಗಳು ಕೊರೆದ ತಿಮಿಂಗಿಲವೊಂದಿದೆ. ಅದರೊಳಗೆ ಒಬ್ಬ ಮನುಷ್ಯನಿದ್ದಾನೆ.