ಮಿದುಳು ಗಡ್ಡೆ: ನೋಂದಣಿಗೆ ಸಿಕ್ಕುವವು, ಸಿಗದವು

ಬೆಂಗಳೂರು ದಕ್ಷಿಣದ ಯಡಿಯೂರಿನ ನಿವಾಸಿಯೊಬ್ಬರ ಮಿದುಳಿನಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾದರೆ, ಆ ವಿವರ ಸೇರಬೇಕಾದದ್ದು ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿರುವ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದಡಿ 1982ರಲ್ಲಿ ಇದು ಆರಂಭವಾಯಿತು. ಮುಂಬೈ ಮತ್ತು ಚೆನ್ನೈ ಅದೇ ಕಾರ್ಯಕ್ರಮದ ಮೊದಲ ಜೊತೆಗಾರ ನಗರಗಳು. ಮುಂಬೈಯಲ್ಲಿ ಮಾತ್ರ ಇಂತಹ ನೋಂದಣಿ 1963ರಿಂದಲೇ ಇತ್ತು.

ಆಸ್ಪತ್ರೆಗಳು ಮಾಹಿತಿ ಕಳುಹಿಸಲಿ ಎಂದು ನೋಂದಣಿಯ ಸಿಬ್ಬಂದಿ ಕಾಯುವುದಿಲ್ಲ. ಆಸ್ಪತ್ರೆ, ಪ್ರಯೋಗಾಲಯಗಳಿಗೆ ತಾವೇ ಹೋಗಿ ಕಡತ ಓದುತ್ತಾರೆ. ಅವರು ಮುಖ್ಯವಾಗಿ ಹುಡುಕುವುದು ವಿಳಾಸವನ್ನು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಬಳ್ಳಾರಿಯಿಂದ ಬಂದ ರೋಗಿ ನಗರದ ಲೆಕ್ಕಕ್ಕೆ ಸೇರುವುದಿಲ್ಲ. ಕನಿಷ್ಠ ಒಂದು ವರ್ಷದಿಂದ ನಗರದಲ್ಲಿ ನೆಲೆಸಿರುವವರು ಸೇರುತ್ತಾರೆ. ಲಕ್ಷ ಜನಸಂಖ್ಯೆಗೆ ಎಷ್ಟು ಎಂಬ ದರ ನಿಲ್ಲುವುದು ಈ ನಿಯಮದ ಮೇಲೆ. ಆದರೆ ಕಡತದಲ್ಲಿ ಬರಿದೇ 'ಯಡಿಯೂರು' ಎಂದಿದ್ದರೆ? ಸಿದ್ಧಲಿಂಗೇಶ್ವರ ಕ್ಷೇತ್ರವಾದ ಕುಣಿಗಲ್ ತಾಲ್ಲೂಕಿನ ಯಡಿಯೂರೂ ಅದಾಗಿರಬಹುದು. ಪಿನ್‌ಕೋಡ್ ಬರೆಯದ ಗುಮಾಸ್ತರಿಂದ ಅಂಕಿಅಂಶ ಶಾಸ್ತ್ರಕ್ಕೆ ಆಗುವ ತೊಂದರೆ ಸಣ್ಣದಲ್ಲ.

ಒಬ್ಬರೇ ಎರಡು ಬಾರಿ ಎಣಿಕೆಯಾಗುವ ಅಪಾಯವೂ ಇದೆ. ಶಸ್ತ್ರಚಿಕಿತ್ಸೆ ನಿಮ್ಹಾನ್ಸ್‌ನಲ್ಲಿ, ವಿಕಿರಣ ಚಿಕಿತ್ಸೆ ಪಕ್ಕದ ಕಿದ್ವಾಯಿಯಲ್ಲಿ, ಕೊನೆಗೆ ಪಾಲಿಕೆಯ ಮರಣ ದಾಖಲೆ. ಒಂದರಲ್ಲಿ ವೆಂಕಟೇಶಪ್ಪ, ಇನ್ನೊಂದರಲ್ಲಿ ಟಿ. ವೆಂಕಟೇಶ್. ಹೆಸರು, ವಯಸ್ಸು, ವಿಳಾಸಗಳನ್ನು ತಾಳೆ ಹಾಕಿಯೇ ಒಬ್ಬರನ್ನು ಒಬ್ಬರೆಂದು ಗುರುತಿಸಬೇಕು.

ಮಿದುಳಿನ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಶ್ವಾಸಕೋಶದಿಂದಲೋ ಸ್ತನದಿಂದಲೋ ಮಿದುಳಿಗೆ ಹರಡಿದ ಗಡ್ಡೆ ಮೂಲ ಅಂಗದ ಖಾತೆಗೇ ಹೋಗುತ್ತದೆ. ಮಿದುಳುಕಾಂಡದ ಆಳದಲ್ಲಿರುವ ಗಡ್ಡೆಯಿಂದ ಅಂಗಾಂಶ ತೆಗೆಯುವುದು ಕಷ್ಟ. ಅಲ್ಲಿ ಎಂಆರ್‌ಐ ಚಿತ್ರವೇ ರೋಗನಿರ್ಣಯಕ್ಕೆ ಆಧಾರ. ಪ್ರಯೋಗಾಲಯದ ವರದಿಗಳನ್ನಷ್ಟೇ ನೋಡಿದರೆ ಅಂತಹ ರೋಗಿ ತಪ್ಪಿಹೋಗುತ್ತಾನೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೂ ತಲೆಬುರುಡೆಯೊಳಗೆ ಹೆಚ್ಚುವರಿ ಜಾಗವಿಲ್ಲದ ಕಾರಣ ಅವು ದೃಷ್ಟಿಯನ್ನು, ಕೆಲವೊಮ್ಮೆ ಪ್ರಾಣವನ್ನೇ ಕಸಿಯಬಲ್ಲವು. ಅಮೆರಿಕವು 2002ರಲ್ಲಿ ಕಾನೂನು ತಂದು, 2004ರಿಂದ ಇಂತಹ ಗಡ್ಡೆಗಳನ್ನೂ ನೋಂದಣಿಗೆ ಸೇರಿಸಿತು. ಭಾರತದ ಕ್ಯಾನ್ಸರ್ ನೋಂದಣಿಗಳ ವರದಿಗಳಲ್ಲಿ ಕಾಣುವುದು ಮಾರಕ ಗಡ್ಡೆಗಳು ಮಾತ್ರ. ನರಶಸ್ತ್ರಚಿಕಿತ್ಸೆಗೆ ಎಷ್ಟು ಹಾಸಿಗೆ, ಎಷ್ಟು ತಜ್ಞರು ಬೇಕೆಂದು ಆ ಅಂಕಿಗಳನ್ನಷ್ಟೇ ನೆಚ್ಚಿ ನಿರ್ಧರಿಸಿದರೆ, ಮೆನಿಂಜಿಯೋಮಾ ಹೊತ್ತು ಸರದಿಯಲ್ಲಿ ನಿಂತವರು ಲೆಕ್ಕದ ಹೊರಗೇ ಉಳಿಯುತ್ತಾರೆ.